ಕನ್ನಡದಲ್ಲಿ ಅಳುತ್ತಿದ್ದ ಆಂಟಿ

ಟೀವಿ ನೋಡುವಾಗ ಆಂಟಿಯ ಮುಖ ಅಡುಗೆಮನೆಯ ಕಡೆಗಿರುತ್ತಿತ್ತು. ಕಣ್ಣಿನ ನಟ್ಟನಡುವಿನ ದೃಷ್ಟಿ ಹೋಗಿ ಅಂಚಿನದಷ್ಟೇ ಉಳಿದಿತ್ತು. ಪರದೆಯ ಮೇಲಿನ ನಾಯಕ ಕಾಣಬೇಕಾದರೆ ಅವರು ಕುಕ್ಕರಿನ ಕಡೆ ತಿರುಗಬೇಕು. ನಮ್ಮ ಜೊತೆ ಮಾತಾಡುವಾಗಲೂ ಅಷ್ಟೇ, ನಮ್ಮ ಕಿವಿಯ ಪಕ್ಕದ ಗೋಡೆಯನ್ನು ನೋಡಿಕೊಂಡೇ ಮಾತು. ಮೊದಲ ಸಲ ನಾನು ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿ ಬೇಸ್ತು ಬಿದ್ದಿದ್ದೆ. "ಯಾರೂ ಇಲ್ಲೋ ತಮ್ಮಾ, ನಿನ್ನನ್ನ ನೋಡ್ಲಿಕತ್ತೀನಿ" ಎಂದು ನಕ್ಕಿದ್ದರು.

ಧಾರವಾಡದವರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿ ಡಾಲಸ್‌ನಲ್ಲಿ ಬಹಳ ವರ್ಷ ದುಡಿದು ರಿಟೈರ್ ಆಗಿದ್ದರು. ಗಂಡ ಹೋದ ಮೇಲೆ ಒಬ್ಬರೇ. ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ನನ್ನ ಮನೆಯ ಸಾಲಿನಲ್ಲೇ ಅವರ ಮನೆ. ಕಣ್ಣು ಕೈಕೊಟ್ಟ ಮೇಲೆ ಕಾರಿನ ಕೀಲಿಯನ್ನು ಮಗಳ ಕೈಗಿತ್ತಿದ್ದರು. ಈ ಊರಲ್ಲಿ ಡ್ರೈವ್ ಮಾಡದವರಿಗೆ ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ. ಹಾಗಾಗಿ ಅವರ ಜೋಳದ ಹಿಟ್ಟು, ಸೊಪ್ಪು, ಮೊಸರು ತಂದುಕೊಡುವುದು ನನ್ನ ಪಾಲಿಗೆ ಬಂತು. ಅದಕ್ಕೆ ಪ್ರತಿಯಾಗಿ ನನಗೆ ರೊಟ್ಟಿ, ಝುಣಕ, ಜೊತೆಗೊಂದು ವಿಚಿತ್ರ ಕೆಲಸ ಸಿಕ್ಕಿತು.

ಆಂಟಿಗೆ ಸಿನಿಮಾ ಹುಚ್ಚು, ಅದರಲ್ಲೂ ಜಪಾನಿನ ಸಿನಿಮಾ. ಆಸ್ಟಿನ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಮಾಂಗಾ ಎನ್ನುವ ಜಪಾನೀ ಚಿತ್ರಕತೆಗಳ ಹುಳು. ಅವನ್ನಾಧರಿಸಿ ತೆಗೆದ ಸಿನಿಮಾಗಳನ್ನೆಲ್ಲ ಅಜ್ಜಿಗೆ ದಾಟಿಸುತ್ತಿದ್ದಳು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅಜ್ಜಿಗೆ ಕಾಣಬೇಕಲ್ಲ? ಅದನ್ನು ನಾನು ಓದಿ ಹೇಳಬೇಕಿತ್ತು. ಮೊದಲ ದಿನ ಇಂಗ್ಲಿಷಿನಲ್ಲೇ ಓದಲು ಹೊರಟೆ. ಆಂಟಿ ಕೈ ಅಡ್ಡ ಹಿಡಿದರು.

"ಬ್ಯಾಡೋ. ಇಂಗ್ಲಿಷ್‌ನಾಗ ಹೇಳಿದ್ರ ತಿಳೀತದ, ಆದ್ರ ಅಳು ಬರೂದಿಲ್ಲ. ಕನ್ನಡದಾಗ ಹೇಳು."

ಅಲ್ಲಿಂದ ಶುರುವಾಯಿತು ನನ್ನ ಡಬ್ಬಿಂಗ್. ಹಗಲೆಲ್ಲ ಸಾಫ್ಟ್‌ವೇರ್, ಸಂಜೆ ಜಪಾನೀ ನಾಯಕ. ಸಿನಿಮಾದ ಅಜ್ಜಿ, ಹೀರೋಯಿನ್ನು, ಪೊಲೀಸು ಎಲ್ಲರಿಗೂ ನನ್ನದೇ ಮೈಸೂರು ದನಿ. "ಇನ್ನೂ ‘ನೀವು’ ಅಂತಾನೇನು? ‘ನೀ’ ಯಾವಾಗ ಅಂತಾನ?" ಎಂದು ಆಂಟಿ ನಡುವೆ ತಡೆದು ಕೇಳುತ್ತಿದ್ದರು. ಇಂಗ್ಲಿಷಿನ ‘ಯೂ’ ನೋಡಿಕೊಂಡು ನಾನೇನು ಹೇಳಲಿ? ಜನರ ಮುಖ ನೋಡಿ ತೀರ್ಮಾನಿಸುತ್ತಿದ್ದೆ. ತಪ್ಪಿದರೆ ಬೈಗುಳ.

ಅವರಿಗೆ ನನ್ನ ಗುಟ್ಟು ತಿಳಿದದ್ದೂ ಇಂಥದೇ ಒಂದು ಮಾತಿನಿಂದ. ಒಂದು ಶುಕ್ರವಾರ, "ಇವತ್ತು ಬೇಗ ಹೊರಡ್ತೀನಿ ಆಂಟಿ, ಹ್ಯೂಸ್ಟನ್ನಿಂದ ಅವರು ಬರ್ತಾರೆ" ಅಂದೆ.

"ಯಾರಪಾ ಅವರು?"

"ಫ್ರೆಂಡು. ಅಲ್ಲೇ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್."

"ಗೆಳೆಯಾಗ ‘ಅವರು’ ಅಂತೀಯೇನು?" ಆಂಟಿ ಗೋಡೆ ನೋಡುತ್ತ ರೊಟ್ಟಿ ತಟ್ಟುತ್ತಲೇ ಇದ್ದರು. "ನಾ ನಮ್ಮನಿಯವರಿಗೆ ಹಂಗ ಅಂತಿದ್ದೆ."

ಬರ್ತಾನೆ, ಬರ್ತಾಳೆ ಎಂಬ ತಂಟೆಯೇ ಬೇಡವೆಂದು ವರ್ಷಗಳಿಂದ ಈ ‘ಬರ್ತಾರೆ’ಯ ಹಿಂದೆ ಅಡಗಿದ್ದವನು ನಾನು. ಆಂಟಿ ರೊಟ್ಟಿಯನ್ನು ಹಂಚಿಗೆ ಹಾಕಿದರು. "ನಾಳೆ ಕರಕೊಂಡು ಬಾ. ರೊಟ್ಟಿ ಜಾಸ್ತಿ ಮಾಡ್ತೀನಿ" ಅಂದರು. ಅವನು ಬಂದ, ಅವರು ಬಡಿಸಿದರು, ಅವನು ಲೆಕ್ಕವಿಲ್ಲದೆ ತಿಂದ. ಅಷ್ಟೇ. ನಾನು ಮಾತ್ರ ಅವತ್ತು ಮನೆಗೆ ಬಂದು ಮಗುವಿನ ಹಾಗೆ ಅತ್ತೆ.

ತೊಂದರೆ ಇದ್ದದ್ದು ಮೈಸೂರಿನಲ್ಲಿ. ಅಮ್ಮನಿಗೂ ಇದೇ ವರಸೆಯಲ್ಲಿ, "ಒಬ್ಬರನ್ನ ಇಷ್ಟಪಟ್ಟಿದೀನಿ, ಅವರು ಹ್ಯೂಸ್ಟನ್ನಲ್ಲಿದಾರೆ" ಎಂದು ಹೇಳಿದ್ದೆ. ಅಮ್ಮನ ಸಂಭ್ರಮ ಕೇಳಬೇಕೆ! ಫೋಟೋ ಕೇಳಿದರೆ ಬಂದ ಮೇಲೆ ನೋಡುವಿಯಂತೆ ಎಂದು ಸಾಗಹಾಕಿದೆ. ಆಮೇಲೆ, "ಅವಳ ಕಾಲುಂಗುರದ ಅಳತೆ ಕಳಿಸೋ" ಎಂದು ವರಾತ ಹಿಡಿದಳು. ಅವನ ಶೂ ಹನ್ನೊಂದನೇ ಸೈಜು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಮ್ಮ ವಿಮಾನ ಹತ್ತಿ ಬಂದೇಬಿಟ್ಟಳು.

"ನಂಗೆ ಬಾಯೇ ಬರಲ್ಲ ಆಂಟಿ" ಅಂದೆ. "ಅಮ್ಮ ನನ್ನ ಮುಖಾನೇ ನೋಡದೆ ಹೋದ್ರೆ?"

ಆಂಟಿ, "ನಿನ್ನ ಮಾತಿನಾಗ ಹೇಳ್ಲಿಕ್ಕೆ ಆಗದಿದ್ರ ಇನ್ನೊಬ್ಬನ ಮಾತಿನಾಗ ಹೇಳು. ಶನಿವಾರ ಅಮ್ಮನ್ನ ಊಟಕ್ಕ ಕರಕೊಂಡು ಬಾ" ಅಂದರು.

ಊಟವಾದ ಮೇಲೆ ಆಂಟಿ ಹಾಕಿಸಿದ್ದು ಮೊಮ್ಮಗಳು ಹೊಸದಾಗಿ ಕಳಿಸಿದ ಸಿನಿಮಾ. ಹುಡುಗನನ್ನು ಹುಡುಗ ಪ್ರೀತಿಸುವ ಮಾಂಗಾಗಳು ಜಪಾನಿನಲ್ಲಿ ಬೇಕಾದಷ್ಟಿವೆಯಂತೆ. ಅಂಥದರ ಮೇಲೆ ನಿಜವಾದ ನಟರನ್ನಿಟ್ಟು ತೆಗೆದದ್ದು. ದ್ವೀಪದ ಶಾಲೆಗೆ ಬಂದ ಒಬ್ಬ ಮೇಷ್ಟ್ರು, ಅವರನ್ನು ದಿನಾ ದೋಣಿಯಲ್ಲಿ ದಾಟಿಸುವ ಒಬ್ಬ ತರುಣ. ನಾನು ಹೇಳುತ್ತ ಹೋದಂತೆ ಅಮ್ಮ ಕತೆಯಲ್ಲಿ ಮುಳುಗಿಹೋದಳು. "ಎಷ್ಟು ಮರ್ಯಾದಸ್ತ ಹುಡುಗ, ಮೇಷ್ಟ್ರೇ ಮೇಷ್ಟ್ರೇ ಅಂತಾನೆ" ಎಂದು ಮೆಚ್ಚಿಕೊಂಡಳು. ಕೊನೆಗೆ ಮೇಷ್ಟ್ರಿಗೆ ವರ್ಗವಾಯಿತು. ನಡುನೀರಿನಲ್ಲಿ ದೋಣಿಯವನು ಇಂಜಿನ್ ನಿಲ್ಲಿಸಿದ. ಗಾಳಿಯ ಸದ್ದಿನಲ್ಲಿ ಒಂದೇ ಮಾತು ಹೇಳಿದ: "ಸುಕಿ."

ನಾನು ಬಾಯಿ ಬಿಡುವ ಮುಂಚೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಖಿ ಅಂದ ಅಲ್ವೇನೋ? ನಮ್ಮ ಸುಖೀಭವ ಇದ್ದ ಹಾಗೇ. ಹೋಗೋರಿಗೆ ಸುಖವಾಗಿರಿ ಅಂತಿದಾನೆ, ಪಾಪ."

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮನೇ ದಾರಿ ಮಾಡಿಕೊಟ್ಟಿದ್ದಳು. ಆಂಟಿ ತಡವರಿಸಿ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. ಅವರ ಮುಖ ಕಿಟಕಿಯ ಕಡೆಗಿತ್ತು. ಅಂದರೆ ನನ್ನನ್ನೇ ನೋಡುತ್ತಿದ್ದರು.

"ಅಲ್ಲಮ್ಮ, ಸುಖಿ ಅಲ್ಲ. ಸುಕಿ ಅಂದ್ರೆ ಅವರ ಭಾಷೇಲಿ, ನಂಗೆ ನೀನಂದ್ರೆ ಇಷ್ಟ ಅಂತ."

"ಇರಲ್ವೇನೋ ಮತ್ತೆ. ಸ್ನೇಹಿತರು."

"ಆ ಥರ ಅಲ್ಲಮ್ಮ. ಮದುವೆ ಆಗೋ ಥರದ ಇಷ್ಟ. ಹ್ಯೂಸ್ಟನ್ನಲ್ಲಿ ಇರೋರು ಹುಡುಗಿ ಅಲ್ಲ. ಅವನು."

ಅಮ್ಮ ಪರದೆಯನ್ನೇ ನೋಡಿದಳು. ದೋಣಿಯಲ್ಲಿ ಇಬ್ಬರೂ ಹಾಗೇ ನಿಂತಿದ್ದರು. ಸಣ್ಣ ದನಿಯಲ್ಲಿ, "ಅಂದಾಜಿನ ಮೇಲೆ ಕಾಲುಂಗುರ ತಂದಿದೀನಲ್ಲೋ" ಅಂದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

"ತಮ್ಮಾ, ಮನ್ಯಾಗ ಕೊತ್ತಂಬರಿ ಇಲ್ಲ. ತಗೊಂಡು ಬಾ" ಅಂದರು ಆಂಟಿ. ಬೆಳಗ್ಗೆ ತಾನೇ ತಂದುಕೊಟ್ಟಿದ್ದೆ. ಆದರೂ ಹೋದೆ. ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಬಹಳ ಹೊತ್ತು ಕೂತಿದ್ದು, ಆಮೇಲೆ ಒಂದು ಕಟ್ಟು ಕೊಂಡೆ. ವಾಪಸು ಬಂದಾಗ ಆಂಟಿ ಬಾಗಿಲಲ್ಲೇ ಸೊಪ್ಪಿನ ಕಟ್ಟು ಇಸಿದುಕೊಂಡರು. "ಅಮ್ಮ ಇವತ್ತ ಇಲ್ಲೇ ಇರ್ತಾರ. ನೀ ಹೋಗು, ಉಂಡು ಮಲಕ್ಕೋ" ಅಂದರು. ಒಳಗೆ ಅಮ್ಮ ತಿರುಗಿ ನೋಡಲಿಲ್ಲ.

ಅಮ್ಮ ಕೆಲವು ದಿನ ಅಲ್ಲೇ ಉಳಿದು, ಒಂದು ಬೆಳಗ್ಗೆ ತಾನಾಗಿಯೇ ನನ್ನ ಮನೆಗೆ ನಡೆದು ಬಂದಳು. ಕಣ್ಣು ಊದಿದ್ದವು. ನೇರ ಒಲೆಯ ಹತ್ತಿರ ಹೋಗಿ ಬೇಳೆ ತೊಳೆಯತೊಡಗಿದಳು. "ಅವನಿಗೆ ನಮ್ಮ ಸಾರು ಸೇರತ್ತೇನೋ? ಖಾರ ಕಮ್ಮಿ ಹಾಕ್ಲಾ?" ಎಂದು ಕೇಳಿದಳು. ಆಂಟಿ ಏನು ಹೇಳಿದರೆಂದು ಅಮ್ಮನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಆಂಟಿಯನ್ನು ಕೇಳಿದರೆ, "ಮಾತಾಡಿದ್ವಿ, ಇಬ್ಬರೂ ಮುದುಕೇರು" ಎಂದು ಹಾರಿಸಿಬಿಟ್ಟರು.

ಹೋದ ಚಳಿಗಾಲದಲ್ಲಿ ಆಂಟಿ ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ನಾನು ಇರ್ವಿಂಗ್‌ನಿಂದ, ಅವನು ಹ್ಯೂಸ್ಟನ್ನಿಂದ ಡ್ರೈವ್ ಮಾಡಿಕೊಂಡು ಹೋದೆವು. ಎಲ್ಲ ಮುಗಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಅವತ್ತು ಆಂಟಿ ಆಡಿದ ಮಾತನ್ನು ಅವರ ಧಾರವಾಡದ ಧಾಟಿಯಲ್ಲೇ ಹೇಳಿದಳು:

"ಇಷ್ಟು ವರ್ಷ ಮಂದಿನ್ನ ಮಲಗಿಸೀನ್ರಿ. ಎಚ್ಚರ ತಪ್ಪೂ ಮುಂದ ಎಲ್ಲಾರೂ ಯಾರದೋ ಒಂದು ಹೆಸರು ಹೇಳ್ತಾರ. ಹೇಳ್ಲಿಕ್ಕೆ ಹೆಸರಿಲ್ಲದವರೂ ಇರ್ತಾರ್ರಿ, ಸುಮ್ಮನ ಲೈಟು ನೋಡಿಕೋತ ಮಲಗ್ತಾರ. ಅವರಿಗೆ ಮಾಸ್ಕ್ ಹಾಕೂ ಮುಂದ ನಾನೇ ಅವರ ಕೈ ಹಿಡಕೋತಿದ್ದೆ. ನಿಮ್ಮ ಮಗಗ ಒಂದು ಹೆಸರು ಅದ ರೀ."

ಅಮ್ಮ ಮೂಗು ಒರೆಸಿಕೊಂಡಳು. "ಅವತ್ತು, ಟಿಕೆಟ್ ಚೇಂಜ್ ಮಾಡಿಸಿಕೊಡಿ, ನಾನು ಇವನ ಮುಖ ನೋಡಲ್ಲ ಅಂತ ಅವರ ಕೈ ಹಿಡ್ಕೊಂಡಿದ್ದೆ ಕಣೋ."

ನನಗೆ ಇದು ಗೊತ್ತಿರಲಿಲ್ಲ. ಆಂಟಿ ಬದುಕಿದ್ದಷ್ಟು ದಿನ ಹೇಳಿರಲಿಲ್ಲ.