ವಾಲ್ದೊಮಿರೊ ಬಾಯಿಯ ‘ಪಾಯ್ ದೆಗ್ವಾ’

ಕೇಳ್ರೋ, ನಮ್ಮ ಬೆಲೆಂನ ದೋಣಿಕಟ್ಟೆಯಲ್ಲಿ ದೋಣಿಗಳ ಬಿರುಕಿಗೆ ಡಾಂಬರು ಮೆತ್ತುವ ವಾಲ್ದೊಮಿರೊ ಇದ್ದಾನಲ್ಲ, ಅವನ ಕಥೆ ಇದು.

ಏನಾದರೂ ಭಾರಿ ಇಷ್ಟವಾದರೆ ಬ್ರೆಜಿಲಿನವರೆಲ್ಲ ‘ಲೆಗಾವ್’ ಅನ್ನುತ್ತಾರೆ. ನಾವು ಮಾತ್ರ ‘ಪಾಯ್ ದೆಗ್ವಾ’ ಅನ್ನುತ್ತೇವೆ. ಬಿಡಿಸಿ ನೋಡಿದರೆ ಹೆಣ್ಣುಕುದುರೆಯ ಅಪ್ಪ ಅಂತ ಅರ್ಥ. ಆದರೆ ಇಲ್ಲಿ ಯಾರೂ ಬಿಡಿಸಿ ನೋಡುವುದಿಲ್ಲ. ಕಟ್ಟೆಯಲ್ಲಿ ಯಾರು ಏನು ಬೇಯಿಸಿದರೂ ಮೊದಲು ವಾಲ್ದೊಮಿರೊಗೆ ತಿನ್ನಿಸಿ ನೋಡುತ್ತಿದ್ದರು. ಅವನು ತೊಡೆ ತಟ್ಟಿ ಆ ಮಾತು ಅಂದನೆಂದರೆ ಮುಗಿಯಿತು, ಮೀನು ಸುಟ್ಟವಳ ಮುಖ ಅರಳುತ್ತಿತ್ತು.

ಹೋದ ವರ್ಷ ಜ್ವರ ಬಂದು ಅವನ ನಾಲಿಗೆಯ ರುಚಿಯೆಲ್ಲ ಹೋಯಿತು. ಹೆಂಡತಿಗೂ ಹೇಳಲಿಲ್ಲ. ತಟ್ಟೆ ತಂದು ಎದುರು ನಿಲ್ಲುವವರಿಗೆ ಏನಂತ ಹೇಳುವುದು?

ಹೀಗಿರುವಾಗ ಪಕ್ಕದ ಮನೆಯ ಒಸಿರೆಮಾ ಟಕಕಾ ಮಾಡಿ ತಂದಳು. ಮರಗೆಣಸಿನ ರಸದ ಹುಳಿ ಸಾರು, ಒಣ ಸೀಗಡಿ, ಜೊತೆಗೆ ತುಟಿ ಮರಗಟ್ಟಿಸುವ ಜಂಬು ಸೊಪ್ಪು. ಗುಟುಕರಿಸಿದ. ತಿಂಗಳುಗಳ ಮೇಲೆ ಬಾಯಲ್ಲಿ ಏನೋ ಆಯಿತಲ್ಲ ಅನ್ನುವ ಖುಷಿಗೆ ತೊಡೆ ತಟ್ಟಿಯೇಬಿಟ್ಟ.

"ಪಾಯ್ ದೆಗ್ವಾ, ಅಕ್ಕ!"

ಆ ಒಂದು ಮಾತು ನಂಬಿ ಒಸಿರೆಮಾ ಬೇರೆಯವರ ಮನೆಯ ಅಡುಗೆ ಕೆಲಸ ಬಿಟ್ಟು ಚೌಕದ ಮೂಲೆಯಲ್ಲಿ ಗಾಡಿ ಇಟ್ಟಳು. ಜನ ಬಂದರು, ಸೋರೆ ಬುರುಡೆಯ ಬಟ್ಟಲಲ್ಲಿ ಅರ್ಧ ಸಾರು ಬಿಟ್ಟು ಹೋದರು. ವಾಲ್ದೊಮಿರೊ ಮಾತ್ರ ದಿನಾ ಸಂಜೆ ಕೊನೆಯ ತೊಟ್ಟಿನ ತನಕ ಕುಡಿದು ಅದೇ ಮಾತು ಹೇಳುತ್ತಿದ್ದ. ಹೇಳಿ ಮನೆಗೆ ಬಂದು, ಹೆಂಡತಿ ಬಡಿಸಿದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸುತ್ತಿದ್ದ.

ಒಂದು ಸಂಜೆ ಅವಳೇ ಅಂದಳು, "ರುಚಿಗೇನೂ ಕುಂದಿಲ್ಲ, ನೀನೇ ಹೇಳ್ತೀಯ. ಈ ಜಾಗಾನೇ ಸರಿ ಇಲ್ಲ ಅಣ್ಣ. ಹೊಲಿಗೆ ಮಷೀನ್ ಮಾರಿ ಲಾಂಚು ನಿಲ್ಲೋ ಕಡೆ ಜಾಗ ಹಿಡೀತೀನಿ. ನಾಳೆ ಗಿರಾಕಿ ಬರ್ತಾನೆ."

ವಾಲ್ದೊಮಿರೊ ಬುರುಡೆ ಕೆಳಗಿಟ್ಟ. "ಮಾರಬೇಡ ಅಕ್ಕ. ನಂಗೆ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿಂದ."

"ಮತ್ತೆ ಪಾಯ್ ದೆಗ್ವಾ ಅಂದಿದ್ದು?"

"ತುಟಿ ಜುಮ್ ಅಂತಿತ್ತು..."

"ಎಗ್ವಾ!" ಅಂದಳು; ನಮ್ಮೂರಲ್ಲಿ ರೇಗಿದಾಗಲೂ ಬಾಯಿಗೆ ಬರುವುದು ಹೆಣ್ಣುಕುದುರೆಯೇ. "ನಿನ್ ತುಟಿ ಜುಮ್ ಅಂದಿದ್ದಕ್ಕೆ ನನ್ ಕೈಲಿ ಕೆಲ್ಸ ಬಿಡಿಸಿದ್ಯಾ?" ಪಕ್ಕದಲ್ಲಿ ಕುಡಿಯುತ್ತಿದ್ದ ಬಸ್ ಡ್ರೈವರ್ ಕಡೆ ತಿರುಗಿದಳು. "ಏಯ್, ನೀನು ನಿಜ ಹೇಳು."

"ಹುಳಿ ಅಕ್ಕ. ಹಲ್ಲು ಚಳಿತು ಹೋಗತ್ತೆ. ಇವ್ರು ಹಂಗೆ ಹೊಗಳ್ತಿದ್ರಲ್ಲ, ನನ್ ಬಾಯೇ ಕೆಟ್ಟಿದೆ ಅನ್ಕೊಂಡೆ."

ಮಷೀನ್ ಮನೆಯಲ್ಲೇ ಉಳಿಯಿತು. ಹುಳಿ ಇಳಿಯಿತು. ಈಗ ಅದೇ ಮೂಲೆಯಲ್ಲಿ, ಸಂಜೆ ಮಳೆ ನಿಂತ ಮೇಲೆ ಸಾಲು ನಿಲ್ಲುತ್ತದೆ.

ವಾಲ್ದೊಮಿರೊ ಈಗಲೂ ಹೋಗುತ್ತಾನೆ. ಅವನಿಗೆ ಅವಳು ಸೊಪ್ಪು ಒಂದು ಹಿಡಿ ಜಾಸ್ತಿಯೇ ಹಾಕುತ್ತಾಳೆ. ಆಮೇಲೆ ಸಾಲಿನಲ್ಲಿ ಒಬ್ಬೊಬ್ಬರನ್ನೂ "ಹೆಂಗಿದೆ?" ಅಂತ ಕೇಳುತ್ತಾ ಬರುತ್ತಾಳೆ. ಅವನ ಹತ್ತಿರ ಬಂದಾಗ ಏನೂ ಕೇಳದೆ ಮುಂದಿನವನ ಕಡೆ ತಿರುಗುತ್ತಾಳೆ. ತೊಡೆ ತಟ್ಟಲು ಎತ್ತಿದ ಕೈಯನ್ನು ಅವನು ಮೆಲ್ಲಗೆ ಇಳಿಸಿಕೊಳ್ಳುತ್ತಾನೆ.