ತಾಸು ನಿಂತ ಹನ್ನೊಂದು ದಿನ

ಕಾಕಾನ ಬಲಗೈ ಎಡಗೈಗಿಂತ ದಪ್ಪ. ಮೊಣಕೈಯಿಂದ ಮುಂಗೈವರೆಗೆ ನರಗಳು ಹಗ್ಗದ ಹಾಗೆ ಎದ್ದಿರುತ್ತಿದ್ದವು. ಅಂಗಿಯ ಬಲತೋಳು ಯಾವಾಗಲೂ ಕಂಕುಳಲ್ಲಿ ಹರಿದಿರುತ್ತಿತ್ತು. ಕಲಬುರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ತಾಸು ಬಡಿಯುತ್ತಿದ್ದ. ಪಡಸಾಲೆಯ ಗಡಿಯಾರ ನೋಡಿಕೊಂಡು, ಅಂಗಳದಲ್ಲಿ ತೂಗುಹಾಕಿದ ಕಂಚಿನ ತಟ್ಟೆಗೆ ಮುಂಜಾನೆ ಆರರಿಂದ ಸಂಜೆ ಆರರವರೆಗೆ ತಾಸಿಗೊಮ್ಮೆ ಕೊಡತಿಯಿಂದ ಹೊಡೆಯುವುದು ಅವನ ಕೆಲಸ. ನಿಜಾಮರ ಕಾಲ. ಊರಿನಲ್ಲಿ ಮನೆಮನೆಗೆ ಗಡಿಯಾರ ಇರಲಿಲ್ಲ.

ಅವನು ನನ್ನ ಸಂಬಂಧಿಕನಲ್ಲ. ನಮ್ಮ ಹಾಗೆ ಕಮಲಾಪುರದವನು, ಅಪ್ಪನ ಗೆಳೆಯ, ಮದುವೆಯಾಗದೆ ಉಳಿದವನು. ನನ್ನ ತಾಯಿ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಶಾಲೆಗೆಂದು ಅವನ ಕೋಣೆಯಲ್ಲಿ ಬಿಟ್ಟು, ಬಾಡಿಗೆ ಬಂಡಿ ಹೊಡೆದುಕೊಂಡು ಬೀದರಿನ ಕಡೆ ತಿರುಗುತ್ತಿದ್ದ. ಕೋಣೆ ಕಚೇರಿಯ ಹಿಂದಿನ ಓಣಿಯಲ್ಲಿತ್ತು. ಅಲ್ಲಿ ಮಾತು ಕಡಿಮೆ. ರೊಟ್ಟಿ ಬಡಿಯುವಾಗ ಕೂಡ ಕಾಕಾ ತುಟಿಯೊಳಗೆ ಎಣಿಸುತ್ತಿದ್ದ.

ತಾನು ಬಡಿಯದಿದ್ದರೆ ಊರು ನಿಲ್ಲುತ್ತದೆ ಎಂದು ಅವನು ನಂಬಿದ್ದ. “ಹೊತ್ತು ಯಾರಪ್ಪಂದೂ ಅಲ್ಲ ತಮ್ಮಾ, ಖರೆ. ಆದ್ರ ಬಡಿಯಾಂವ ಒಬ್ಬ ಬೇಕಲ್ಲ,” ಎನ್ನುತ್ತಿದ್ದ. ಎದುರು ಮನೆಯ ಆಯಿ ಅವನನ್ನು ಕೆಣಕುತ್ತಿದ್ದಳು: “ನೀ ಹುಟ್ಟಾಕಿಂತ ಮೊದ್ಲ ಸೂರ್ಯಾ ಹುಟ್ಟತಿದ್ದಿಲ್ಲೇನೋ?”

“ಹುಟ್ಟತಿದ್ದ ಆಯಿ. ಆದ್ರ ಎಷ್ಟಕ್ಕ ಅಂತ ಯಾರಿಗಿ ಗೊತ್ತಿತ್ತು?”

ನಗದೆ ಹೇಳುತ್ತಿದ್ದ. ತಮಾಷೆಯಲ್ಲ.

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ, ಬೇಸಿಗೆಯಲ್ಲಿ, ಜ್ವರ ಬಂತು. ಪಿಳೇಗು ಇರಬಹುದೆಂದು ಓಣಿಯವರು ಬಾಗಿಲ ಹತ್ತಿರ ಸುಳಿಯಲಿಲ್ಲ. ಆಯಿ ಕೂಡ ಗಂಜಿಯನ್ನು ಕಟ್ಟೆಯ ಮೇಲಿಟ್ಟು ಕೂಗಿ ಹೋಗುತ್ತಿದ್ದಳು. ಅಪ್ಪ ಎಲ್ಲಿದ್ದಾನೆಂದು ಯಾರಿಗೂ ತಿಳಿಯದು. ಬಂದು ನೋಡಿದವರು ಹಕೀಮರೊಬ್ಬರೇ. ಪಿಳೇಗಲ್ಲ, ವಿಷಮಜ್ವರ ಎಂದರು. “ಹಣಿ ಮ್ಯಾಲಿನ ಬಟ್ಟಿ ಒಣಗಬಾರ್ದು ನೋಡು. ಒಣಗ್ತಂದ್ರ ಪೋರ ಕೈಗಿ ಸಿಗಾಂಗಿಲ್ಲ.”

ಕಲಬುರ್ಗಿಯ ಆ ಬಿಸಿಲಲ್ಲಿ ಒದ್ದೆ ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿದ್ದೀತು? ಎರಡು ದಿನ ಕಾಕಾ ಪ್ರತಿ ತಾಸು ಬಡಿದು ಓಡಿಬಂದು, ಬಟ್ಟೆ ನೆನೆಸಿ, ಮತ್ತೆ ಗಡಿಯಾರದ ಮುಂದೆ ಹೋಗಿ ನಿಂತ. ಓಡಿ ಬರುವಷ್ಟರಲ್ಲಿ ಬಟ್ಟೆ ಹಪ್ಪಳವಾಗಿರುತ್ತಿತ್ತು. ಮೂರನೆಯ ದಿನ ನಾನು ಅವನ ಗುರುತು ಹಿಡಿಯಲಿಲ್ಲವಂತೆ. ಅವನು ಕಚೇರಿಯ ಶಿರಸ್ತೇದಾರರ ಮುಂದೆ ಹೋಗಿ ರಜೆ ಕೇಳಿದ. ಇದನ್ನು ಕಾಕಾ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಹೇಳಿದಾಗಲೆಲ್ಲ ಮಾತು ಒಂದಿಷ್ಟು ಬದಲಾಗುತ್ತಿತ್ತು. ನನ್ನ ನೆನಪಿಗೆ ಉಳಿದದ್ದು ಹೀಗೆ:

“ರುಖಸತ್ತು ಬೇಕ್ರಿ ಸಾಹೇಬ್ರ. ಪೋರಗ ಜ್ವರ ಬಂದಾವ.”

“ನಿನಗ ಲಗ್ನನೇ ಆಗಿಲ್ಲ, ಪೋರ ಎಲ್ಲಿಂದ ಬಂತಲೇ?”

ಕಚೇರಿಯೆಲ್ಲ ನಕ್ಕಿತು.

“ನಮ್ಮೂರವನ ಮಗಾರಿ.”

“ಊರವರ ಮಕ್ಕಳಿಗೆಲ್ಲ ಜ್ವರ ಬಂದ್ರ ಸರ್ಕಾರದ ತಾಸು ನಿಲ್ಲಸ್ಬೇಕೇನು? ನಡಿ, ಹತ್ತಾಗ್ಲಕ್ಕ ಬಂತು.”

ಕಾಕಾ ಹತ್ತು ಬಡಿದ. ಕೊಡತಿಯನ್ನು ತಂದು ಶಿರಸ್ತೇದಾರರ ಮೇಜಿನ ಮೇಲಿಟ್ಟ. ಮನೆಗೆ ಬಂದ.

ಹನ್ನೊಂದು ದಿನ ನನ್ನ ತಲೆದೆಸೆಯಲ್ಲಿ ಕೂತ. ಬೆಳಕು ಕಿಟಕಿಯಿಂದ ಇಳಿದು ಗೋಡೆ ಹತ್ತಿ ಹೋಗುವುದು, ಹಿಂಡಿದ ಬಟ್ಟೆಯ ನೀರು ತಾಟಿಗೆ ಬೀಳುವುದು, ಇಷ್ಟೇ. ಒಮ್ಮೆ ಕೇಳಿದೆ: “ಕಾಕಾ, ಈಗ ಎಷ್ಟಾಗ್ಯಾದ?”

“ನಾ ಇಲ್ಲೇ ಕುಂತೀನಲ್ಲೋ ಹುಚ್ಚಾ. ಈಗ ತಾಸೇ ಇಲ್ಲ. ಸುಮ್ಕ ಮಲಕೋ.”

ನಾನು ಮಲಗಿದೆ. ಆ ಹನ್ನೊಂದು ದಿನ ಊರಿನಲ್ಲಿ ಒಂದು ತಾಸೂ ಕೇಳಿಸಲಿಲ್ಲ. ಇದು ನನಗೆ ಚೆನ್ನಾಗಿ ನೆನಪಿದೆ.

ಅಪ್ಪ ಬರುವ ಹೊತ್ತಿಗೆ ನಾನು ಎದ್ದು ಕೂತಿದ್ದೆ. ಕಾಕಾನ ನೌಕರಿ ಹೋಗಿತ್ತು. ಅವನು ಕಮಲಾಪುರಕ್ಕೆ ಹಿಂತಿರುಗಿ ಯಾರದೋ ಬಾಳೆತೋಟಕ್ಕೆ ನೀರು ಹಾಯಿಸಿಕೊಂಡು, ತೋಟದ ಗುಡಿಸಲಲ್ಲಿ ಒಬ್ಬನೇ ಇದ್ದ. ರಜೆಯಲ್ಲಿ ಹೋದರೆ ಕೆಂಪು ಬಾಳೆಹಣ್ಣು ಸುಲಿದು ಕೈಗೆ ಕೊಡುತ್ತಿದ್ದ. ಇಬ್ಬರೂ ಬದುವಿನ ಮೇಲೆ ಸುಮ್ಮನೆ ಕೂತಿರುತ್ತಿದ್ದೆವು. ನಾನು ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದಾಗ ತೀರಿಕೊಂಡ. ಕಾಗದ ನನ್ನ ಕೈ ಸೇರುವಷ್ಟರಲ್ಲಿ ಎರಡು ವಾರ ಕಳೆದಿದ್ದವು.

ಓದು ಮುಗಿಸಿ ಕಲಬುರ್ಗಿಗೆ ಬಂದಾಗ ಆ ಕಚೇರಿಯ ಹಳೆಯ ಗುಮಾಸ್ತರೊಬ್ಬರು ಸಿಕ್ಕರು. ಊರಿಗೆ ಹನ್ನೊಂದು ದಿನ ತಾಸಿಲ್ಲದೆ ಹೋದ ಕಥೆ ಹೇಳಿದೆ. ಅವರು ನಕ್ಕರು.

“ಅದೆಂಥ ಮಾತ್ರಿ! ಅಂವ ಕೊಡತಿ ಇಟ್ಟು ಹೋದ ಮುಂದಿನ ತಾಸಿಗೇ ಗೇಟಿನ ಸಿಪಾಯಿ ಬಡದ. ಒಂದೂ ತಪ್ಪಲಿಲ್ಲ. ಬಡಿಯಾಂವ ಬದಲಾಗ್ಯಾನಂತ ಊರಾಗ ಒಬ್ಬರಿಗೂ ಗೊತ್ತಾಗ್ಲಿಲ್ಲ ನೋಡ್ರಿ.”

ಕಲಿತ ತರ್ಕವನ್ನೆಲ್ಲ ನನ್ನ ನೆನಪು, ಗುಮಾಸ್ತರ ಮಾತು ಈ ಎರಡರ ಮೇಲೂ ಹೂಡಿ ನೋಡಿದ್ದೇನೆ. ಜ್ವರದಲ್ಲಿದ್ದ ಹುಡುಗನ ಕಿವಿಯನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಗುಮಾಸ್ತರ ಮಾತೇ ನಿಜವಿರಬೇಕು. ಹಾಗಾದರೆ, ಕೊಡತಿ ಇಟ್ಟು ಬಂದ ಮೊದಲ ತಾಸಿನಲ್ಲೇ, ಗೋಡೆಯಾಚೆ ಇನ್ನೊಬ್ಬನ ಕೈಯಿಂದ ಹನ್ನೊಂದು ಪೆಟ್ಟು ಕಾಕಾ ಕೇಳಿರಬೇಕು. ಆಮೇಲೆ ಹನ್ನೆರಡು. ಆಮೇಲೆ ಒಂದು. ತಾನಿಲ್ಲದೆ ಊರು ನಡೆಯುತ್ತದೆ ಎಂಬುದು, ಬಟ್ಟೆ ಹಿಂಡುತ್ತ ಕೂತಿದ್ದಾಗ, ಅವನಿಗೆ ತಿಳಿದುಹೋಗಿರಬೇಕು. ಆಗಲೇ ಎದ್ದು ಹೋಗಿ ಕಾಲು ಹಿಡಿದಿದ್ದರೆ ನೌಕರಿ ಉಳಿಯುತ್ತಿತ್ತೇನೋ. ಅವನು ಏಳಲಿಲ್ಲ. “ತಾಸೇ ಇಲ್ಲ” ಎಂದು ನನಗೆ ಹೇಳಿದ.

ಅದು ನನ್ನನ್ನು ಮಲಗಿಸಲು ಹೇಳಿದ್ದೋ, ತನಗೆ ತಾನೇ ಹೇಳಿಕೊಂಡದ್ದೋ? ಬದುವಿನ ಮೇಲೆ ಅವನ ಪಕ್ಕ ಕೂತು ಎಷ್ಟೋ ಸಂಜೆ ಕಳೆದಿದ್ದೇನೆ. ಕೇಳಬೇಕಾದ್ದು ಇದೆ ಎಂದು ಆಗ ಗೊತ್ತಿರಲಿಲ್ಲ.