ಒಳಗೆ ಬಾರದ ಬುತ್ತಿ

ಮೊನ್ನೆ ಮೊಮ್ಮಗಳು ಕಾಲೇಜಿನಿಂದ ಬರುವಾಗ ಕಡಕ್ ರೊಟ್ಟಿಯ ಪೊಟ್ಟಣ ತಂದಳು. ಸಜ್ಜೆಯವು, ಎಳ್ಳು ಹಚ್ಚಿದವು. ಪೊಟ್ಟಣ ಹರಿದದ್ದೇ ತಡ, ಕಾದ ಹಂಚಿನ ಮೇಲೆ ಎಳ್ಳು ಹೊತ್ತಿದ ಆ ವಾಸನೆ ಮೂಗಿಗೆ ಬಡಿಯಿತು. ಧಾರವಾಡದ ಮಾಳಮಡ್ಡಿಯ ಈ ಮನೆಯ ಪಡಸಾಲೆಯಲ್ಲಿ ಕೂತವಳು ಹಳೇ ಹುಬ್ಬಳ್ಳಿಯ ನಮ್ಮ ತವರಿನ ಹೊಸ್ತಿಲಿಗೆ ಹೋಗಿ ನಿಂತೆ. ಆ ಹೊಸ್ತಿಲು ನೆನಪಾದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ. ಅಣ್ಣನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಅವ್ವ ಎಪ್ಪತ್ತು ದಾಟಿ ಬದುಕಿದಳು. ಆರು ಹೆತ್ತು, ಎರಡನ್ನು ಮಣ್ಣಿಗೆ ಕೊಟ್ಟು, ಉಳಿದ ನಾಲ್ವರನ್ನು ದಡ ಹತ್ತಿಸಿದವಳು. ನಾನು ಕಡೆಯವಳು. ಅಕ್ಷರ ಕಲಿತವಳಲ್ಲ ಅವ್ವ. ಆದರೆ ಓಣಿಯಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಸೊಸೆ ಉಪವಾಸ ಮಲಗಿದ್ದಾಳೆ ಎಂಬುದು ಅವಳಿಗೆ ಬಾಯಿಪಾಠ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನೆಂಟರು, ಆಪ್ತರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅವ್ವನ ಬುತ್ತಿ ಹೋಗದ ಮನೆ ನಮ್ಮ ಸುತ್ತಮುತ್ತ ಇರಲಿಲ್ಲ. ಟಾಂಗಾದವನ ಮನೆಗೂ ಹೋಯಿತು, ಸಾಲಿ ಮಾಸ್ತರರ ಮನೆಗೂ ಹೋಯಿತು. "ಲಗ್ನಕ್ಕ ಕರದರ ಹೋಗಬೇಕು, ಸಾವಿಗೆ ಕರೀದಿದ್ರೂ ಹೋಗಬೇಕು" ಎನ್ನುತ್ತಿದ್ದಳು. ಒಯ್ದ ಬುತ್ತಿ ಇಟ್ಟು ಬರುವವಳೂ ಅಲ್ಲ. ಅತ್ತವರ ಎದುರು ಕೂತು, ತುತ್ತು ಮಾಡಿ ಕೊಟ್ಟು, ತಾನೂ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವಳು.

ಸಣ್ಣವಳಿದ್ದಾಗ ಒಮ್ಮೆ ಯಾರದೋ ಮನೆಯಲ್ಲಿ ತಟ್ಟೆ ಮುಂದಿಟ್ಟರೆ ನಾನು ಮೂಗು ಮುರಿದು, ಉಂಡು ಬಂದಿದ್ದೇನೆ ಎಂದೆ. ಹೊರಗೆ ಬಂದ ಮೇಲೆ ಅವ್ವ ಕಿವಿ ಹಿಂಡಿದಳು. "ಉಂಡ ಬಂದೇನಿ ಅನ್ನೂದು ಹೊಟ್ಟಿ ಮಾತಲ್ಲ, ಜಾತಿ ಮಾತು. ಇನ್ನೊಮ್ಮೆ ಅಂದಿ ಅಂದ್ರ ನೋಡು." ಕಿವಿ ಎರಡು ದಿನ ಕೆಂಪಗಿತ್ತು. ಮಾತು ಮಾತ್ರ ನೆಟ್ಟಗೆ ತಲೆಗೆ ಹೋಗಲಿಲ್ಲ...

ನಾನು ಎಂಟು ವರ್ಷದವಳಿದ್ದಾಗ ಊರಿಗೆ ಪ್ಲೇಗು ಬಂತು. ಇಲಿ ಬಿದ್ದವು ಎಂದೊಡನೆ ಜನ ಮನೆಗೆ ಬೀಗ ಜಡಿದು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿಯೂ ಬಿಡಲಿಲ್ಲ ಅದು. ಅಪ್ಪನ ಕಂಕುಳಲ್ಲಿ ಗಡ್ಡೆ ಎದ್ದು ಮೂರನೆಯ ದಿನಕ್ಕೆ ಹೋದ. ಕೂಗಳತೆಯಲ್ಲಿ ದೊಡ್ಡಪ್ಪನ ಗುಡಿಸಲಿತ್ತು, ಸೋದರತ್ತೆಯ ಗುಡಿಸಲಿತ್ತು. ಒಬ್ಬರೂ ಹೊರಗೆ ಇಣುಕಲಿಲ್ಲ. ಇಪ್ಪತ್ತು ವರ್ಷದ ಅಣ್ಣ ಕೂಲಿಯವರಿಬ್ಬರನ್ನು ಕಾಡಿ ಬೇಡಿ ಕರೆತಂದು ಅಪ್ಪನನ್ನು ಮಣ್ಣು ಮಾಡಿದ. ಮರುದಿನವೂ ನಮ್ಮ ಒಲೆ ಉರಿಯಲಿಲ್ಲ, ಬುತ್ತಿಯೂ ಬರಲಿಲ್ಲ. ಜೀವಮಾನವಿಡೀ ಬುತ್ತಿ ಹೊತ್ತವಳ ಮಕ್ಕಳು ನಾವು ನೀರು ಕುಡಿದು ಕೂತಿದ್ದೆವು.

ಆಗ ಬಂದವಳು ಚಾಚಿ. ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರರ ಮನೆಯವಳು. ನಮಗಿಂತ ಎರಡು ಓಣಿ ಆಚೆ ಅವಳ ಮನೆ, ಬಯಲಿನಲ್ಲಿ ಹಳ್ಳದ ಆಚೆ ಅವಳ ಗುಡಿಸಲು. ಅಲ್ಲಿಯವರೆಗೆ ಅವ್ವನಿಗೂ ಅವಳಿಗೂ ಗಾದಿಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದು ಗುಡಿಸಲಿನ ಬಾಗಿಲಲ್ಲಿ ನಿಂತು, "ತಂಗಿ, ತಿಂತೀಯೋ ಇಲ್ಲೋ ನಿನಗ ಬಿಟ್ಟಿದ್ದು. ಹುಡುಗೂರಿಗರ ಕೊಡು" ಎಂದಳು. ಅವ್ವ ಅವಳ ಕೈಹಿಡಿದು ಒಳಗೆ ಕರೆದು ಕೂರಿಸಿಕೊಂಡು, ಮೊದಲ ತುತ್ತು ತಾನೇ ತಿಂದಳು. ಅಣ್ಣ ನಾಲ್ಕು ರೊಟ್ಟಿ ತಿಂದ. ಎಣಿಸಿದ್ದೆನೇ ಎಂದು ಕೇಳಬೇಡಿ; ನನಗೆ ಬಂದದ್ದು ಎರಡೇ, ಅದಕ್ಕೇ ನೆನಪಿದೆ.

ಊರಿಗೆ ಮರಳಿದ ಮೇಲೆ ಸುದ್ದಿ ಹಬ್ಬಿತು. ಪಿಂಜಾರರ ಮನೆಯ ರೊಟ್ಟಿ ತಿಂದಳೆಂದು ನೆಂಟರು ಎರಡು ವರ್ಷ ಅವ್ವನನ್ನು ಪಂಕ್ತಿಗೆ ಕರೆಯಲಿಲ್ಲ. "ಹೆಣಾ ಎತ್ತಾಕ ಬರದವ್ರು ಪಂಕ್ತಿಗೆ ಕರದರೆಷ್ಟು, ಬಿಟ್ಟರೆಷ್ಟು" ಎಂದು ಅವ್ವ ಅವರಿಗೆ ಕೇಳುವಂತೆಯೇ ಅಂದಳು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಅವರಿಬ್ಬರದು ಒಂದೇ ಜೀವ. ಪ್ರತಿ ವರ್ಷ ಚಾಚಿ ಬಂದು ನಮ್ಮ ಗಾದಿಯ ಹತ್ತಿ ಹೊಸದಾಗಿ ತುಂಬುವಳು. ಅವ್ವ ಅದರ ಮೇಲೆ ಕೂತು ನೋಡಿ, "ಯಕ್ಕಾ, ಹತ್ತಿ ತುಂಬೀಯೋ ಕಲ್ಲ ತುಂಬೀಯೋ?" ಎನ್ನುವಳು. "ಹತ್ತಿನೇ ಐತಿ. ನಿನ್ನ ಎಲುಬು ಕಲ್ಲಾಗ್ಯಾವು" ಎನ್ನುವಳು ಚಾಚಿ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಸೊಸೆಯಂದಿರನ್ನು ಬಯ್ಯಲು ಕೂರುತ್ತಿದ್ದರು. ಚಾಚಿಯ ಗಂಡ ತೀರಿಕೊಂಡಾಗ ಅವ್ವ ಮೂರು ದಿನವೂ ಬುತ್ತಿ ಒಯ್ದಳು.

ಅವ್ವ ಹಾಸಿಗೆ ಹಿಡಿದದ್ದು ದೇಶ ಎರಡಾದ ಸುಮಾರಿಗೆ. ಮಾಳಮಡ್ಡಿಗೆ ಕೊಟ್ಟಿದ್ದ ನಾನು ಬಾಣಂತಿತನಕ್ಕೂ ಅಷ್ಟು ದಿನ ಇರದವಳು, ಆಗ ಒಂದು ತಿಂಗಳು ತವರಿನಲ್ಲಿದ್ದೆ. ಒಂದು ಮಧ್ಯಾಹ್ನ ಅವ್ವ ಅಣ್ಣನನ್ನೂ ನನ್ನನ್ನೂ ಹತ್ತಿರ ಕರೆದಳು. "ನಾ ಹೋದಮ್ಯಾಲೆ ಚಾಚಿ ಬುತ್ತಿ ತರ್ತಾಳ. ಒಳಗ ತಗೋರಿ. ಎಲ್ಲಾರೂ ಒಂದೊಂದು ತುತ್ತು ತಿನ್ರಿ. ನನಗ ಮತ್ತೇನೂ ಬ್ಯಾಡ." ಅಣ್ಣ, "ಆತು ಬಿಡವಾ" ಎಂದ. ನಾನೂ ತಲೆ ಆಡಿಸಿದೆ.

ಅವ್ವ ಹೋದ ದಿನ ಬೆಳಿಗ್ಗೆ ಚಾಚಿ ಬಂದು ಅಂಗಳದಲ್ಲಿ ಹೆಂಗಸರ ನಡುವೆ ನಿಂತು ಎದೆ ಬಡಿದುಕೊಂಡು ಅತ್ತಳು. ಯಾರೂ ಬೇಡ ಎನ್ನಲಿಲ್ಲ. ಅಳುವುದಕ್ಕೆ ಮೈಲಿಗೆ ಇಲ್ಲ ನೋಡಿ. ಮಣ್ಣು ಕೊಟ್ಟು ಬಂದ ಮೇಲೆ, ಇಳಿಹೊತ್ತಿಗೆ, ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ಬಂದಳು. ಪಡಸಾಲೆಯಲ್ಲಿ ಅಣ್ಣನ ಮಗಳನ್ನು ತೆಗೆದುಕೊಳ್ಳಲಿದ್ದ ಬೀಗರು ಕೂತಿದ್ದರು. ಅಣ್ಣ ಆಗ ದೊಡ್ಡ ಬಟ್ಟೆ ಅಂಗಡಿಯ ಮಾಲೀಕ, ನಾಲ್ಕು ಜನ ಎದ್ದು ನಿಲ್ಲುವಂಥವನು. ಅವನೇ ಎದ್ದು ಹೊಸ್ತಿಲಿಗೆ ಹೋದ.

"ಬುತ್ತಿ ಭಾಳ ಬಂದಾವು ಚಾಚಿ. ಇಡಾಕ ಜಾಗಾ ಇಲ್ಲ. ಮನಿಗೆ ಒಯ್ರಿ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಹಳ್ಳದ ಬಯಲಿನಲ್ಲಿ ನಾಲ್ಕು ರೊಟ್ಟಿ ತಿಂದ ಬಾಯಿಯೇ ಅದು. ಚಾಚಿ ಒಳಗೆ ನೋಡಿದಳು, ನನ್ನನ್ನು ನೋಡಿದಳು. ನನ್ನ ಬಾಯಿಗೆ, ಅತ್ತೆಯೊಬ್ಬಳನ್ನು ಬಿಟ್ಟರೆ, ಗಂಡನ ಮನೆಯವರೆಲ್ಲ ಹೆದರುತ್ತಿದ್ದರು, ಗಟವಾಣಿ ಎಂದು ಹೆಸರಿತ್ತು ನನಗೆ. ಆ ಹೊತ್ತು ಆ ಬಾಯಿಗೆ ಏನು ಬಡಿದಿತ್ತೋ... ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅಳುವ ನೆವ ಮಾಡಿದೆ. "ಆತಪಾ" ಎಂದು ಚಾಚಿ ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡು ಹೋದಳು.

ಇಷ್ಟೇ ಆಗಿದ್ದರೆ ಎಲ್ಲವನ್ನೂ ಅಣ್ಣನ ತಲೆಗೆ ಕಟ್ಟಿ ಸುಖವಾಗಿ ಇರುತ್ತಿದ್ದೆ.

ಐದನೆಯ ದಿನ, ಧಾರವಾಡಕ್ಕೆ ಹೊರಡುವ ಮೊದಲು, ಮನಸ್ಸು ತಡೆಯದೆ ಚಾಚಿಯ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದಿದ್ದೆ. ಅವಳು ಅವಕಾಶವನ್ನೇ ಕೊಡಲಿಲ್ಲ. ಚಾಪೆ ಹಾಸಿ, ಬೆನ್ನು ಸವರಿ, ಗೂಟಕ್ಕೆ ನೇತುಹಾಕಿದ್ದ ಗಂಟನ್ನು ಇಳಿಸಿದಳು. ಅವ್ವನ ಹಳೇ ಸೀರೆಯ ತುಂಡಿನಲ್ಲಿ ಅದೇ ರೊಟ್ಟಿಗಳು, ಒಂದೂ ಮುರಿಯದೆ.

"ನಿಮ್ಮವ್ವನ ಬುತ್ತಿ ಇದು. ನಾ ಹೆಂಗ ತಿನ್ನಲಿ? ಒಂದು ಚೂರು ಮುರಕೋ ಮಗಳ."

ಕೈ ಮುಂದೆ ಹೋಯಿತು, ಸುಳ್ಳಲ್ಲ. ಅಷ್ಟರಲ್ಲಿ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ಯಾರೋ ಹಾದುಹೋದಂತಾಯಿತು. ಕೈ ತಾನೇ ಹಿಂದೆ ಬಂತು.

"ಉಂಡ ಬಂದೇನಿ ಚಾಚಿ."

ಅವಳು ಸಿಟ್ಟಾಗಲಿಲ್ಲ. ಗಂಟನ್ನು ನಿಧಾನವಾಗಿ ಮತ್ತೆ ಕಟ್ಟುತ್ತ, "ಈ ಮಾತು ನಿಮ್ಮವ್ವ ನನಗ ಒಮ್ಮೆನೂ ಅನ್ನಲಿಲ್ಲ ನೋಡು" ಎಂದಳು. ನಾನು ಎದ್ದು ಬಂದೆ. ವರ್ಷ ತುಂಬುವುದರೊಳಗೆ ಚಾಚಿಯೂ ಹೋದಳಂತೆ. ಸುದ್ದಿ ನನಗೆ ಮುಟ್ಟಿದ್ದು ತಿಂಗಳ ಮೇಲೆ. ಬುತ್ತಿ ಒಯ್ಯಲಿಲ್ಲ. ತಡವಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಉಂಡು ಬಂದೆ ಎನ್ನುವಂಥದೇ ಮಾತು.

ಈಗ ಅಣ್ಣನೂ ಇಲ್ಲ, ಅತ್ತೆಯೂ ಇಲ್ಲ, ಪಂಕ್ತಿಗೆ ಕರೆಯದ ಆ ನೆಂಟರೂ ಇಲ್ಲ. ಯಾರಿಗೆ ಹೆದರಿದೆನೋ ಅವರೆಲ್ಲ ಮಣ್ಣಾದರು. ಮೊಮ್ಮಗಳು ತಂದ ರೊಟ್ಟಿ ಯಾರು ತಟ್ಟಿದ್ದು, ಯಾವ ಮನೆಯದು, ಅವಳಿಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಹಲ್ಲಿಲ್ಲ, ನೆನೆಯುವವರೆಗೆ ಬಾಯಲ್ಲೇ ಇಟ್ಟುಕೊಂಡು ಕೂತೆ.

"ಇನ್ನೊಂದ್ಚೂರು ಕೊಡ್ಲೇನಜ್ಜಿ?" ಎಂದಳು.

ಬೇಡ ಎಂದೆ. ಅವ್ವ ಕೇಳಿದ್ದು ಒಂದೇ ತುತ್ತು.